ಪತ್ತು, ತಗಾದೆ ಮತ್ತು ಒಂದು ಇಂಗ್ಲಿಷ್ ಮಾತು

ಇಂಗ್ಲಿಷಿನಲ್ಲಿ ‘ಶೋ ಅಪ್’ ಎಂಬ ಜೋಡುಮಾತೊಂದಿದೆ. ಕ್ರಿಯಾಪದಕ್ಕೆ ‘ಅಪ್’, ‘ಡೌನ್’, ‘ಆಫ್’ ಎಂದು ಬಾಲ ಕಟ್ಟಿದ ಇಂಥ ಮಾತುಗಳೆಂದರೆ ನಮ್ಮ ಹೈಸ್ಕೂಲಿನ ಮಕ್ಕಳಿಗೆ ತಲೆನೋವು. ‘ಶೋ’ ಎಂದರೆ ತೋರಿಸು. ಆದರೆ ‘ಶೋ ಅಪ್’ ಎಂದರೆ ಮೇಲಕ್ಕೆ ತೋರಿಸು ಎಂದಲ್ಲ. ಬಂದು ಹಾಜರಾಗು ಎಂಬುದು ಒಂದರ್ಥ. ಒಬ್ಬರನ್ನು ನಾಲ್ಕು ಜನರ ಎದುರು ಮುಜುಗರಕ್ಕೆ ಈಡು ಮಾಡು ಎಂಬುದು ಇನ್ನೊಂದು. ಬೀಗರು ಊಟಕ್ಕೆ ಕುಳಿತಾಗ ಗಂಡ ಹೆಂಡತಿಯ ಅಡಿಗೆಯನ್ನು ಆಡಿಕೊಂಡನೆಂದರೆ ಅವಳನ್ನು ‘ಶೋ ಅಪ್’ ಮಾಡಿದ ಎಂದಾಯಿತು.

‘ಮುಜುಗರ’ ಎಂಬ ಪುಸ್ತಕದ ಮಾತು ನಮ್ಮ ಕಡೆಯ ನಾಲಗೆಗೆ ಅಷ್ಟಾಗಿ ಒಗ್ಗಿಲ್ಲ. ಒಂಬತ್ತನೆಯ ಇಯತ್ತೆಯಲ್ಲಿ ಇದನ್ನು ವಿವರಿಸುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗಿ, “ಅಕ್ಕಾರ, ಅಂದ್ರ ಮಂದ್ಯಾಗ ಮಾನಾ ಕಳಿಯೂದರೀ?” ಎಂದಳು. ಯಾವ ನಿಘಂಟಿನಲ್ಲೂ ನಾನು ಇದಕ್ಕಿಂತ ಸರಿಯಾದ ಅರ್ಥ ಕಂಡಿಲ್ಲ.

ಮುಜುಗರಕ್ಕೆ ಇಂಗ್ಲಿಷರು ಹೇಳುವ ‘ಎಂಬರಾಸ್’ ಶಬ್ದಕ್ಕೂ ಒಂದು ಹಿನ್ನೆಲೆಯಿದೆ. ಅದು ಫ್ರೆಂಚಿನಿಂದ ಬಂದದ್ದು. ಮೂಲದಲ್ಲಿ ದಾರಿಗೆ ಅಡ್ಡಗಟ್ಟು ಎಂಬ ಅರ್ಥ. ಹಳೆಯ ಇಂಗ್ಲಿಷ್ ಬರವಣಿಗೆಯಲ್ಲಿ ಒಬ್ಬ ‘ಎಂಬರಾಸ್ಡ್’ ಆಗಿದ್ದಾನೆ ಎಂದರೆ ಎಷ್ಟೋ ಸಲ ಸಾಲದಲ್ಲಿ ಸಿಕ್ಕಿಬಿದ್ದಿದ್ದಾನೆ ಎಂದೇ ಅರ್ಥ. ಸಾಲಕ್ಕೂ ನಾಚಿಕೆಗೂ ಒಂದೇ ಶಬ್ದ! ಸರ್ವಜ್ಞನ ಸಾಲದ ವಚನವನ್ನು ಬಾಯಿಪಾಠ ಮಾಡಿ ಬೆಳೆದ ನಮಗೆ ಇದರಲ್ಲಿ ಆಶ್ಚರ್ಯವೇನಿಲ್ಲ.

ಸಾಲ ಕೊಟ್ಟವನು ಬಾಗಿಲಿಗೆ ಬಂದು ನಿಂತನೆಂದರೆ ‘ಶೋ ಅಪ್’ನ ಎರಡೂ ಅರ್ಥ ಒಮ್ಮೆಗೇ ಕೂಡಿ ಬಂದಂತೆ. ಇದಕ್ಕೆ ನಮ್ಮಲ್ಲಿ ‘ತಗಾದೆ’ ಎನ್ನುತ್ತಾರೆ. ಹಿಂದೆ ಸಾಲಗಾರನ ಹೊಸ್ತಿಲಲ್ಲಿ ಉಪವಾಸ ಕುಳಿತು ಧರಣಿ ಹೂಡುವ ಪದ್ಧತಿಯೂ ಇತ್ತು. ಅಲ್ಲಿ ಕೂತವನು ಸತ್ತರೆ ಆ ಪಾಪ ಮನೆಯವರಿಗೆ ಎಂಬ ಅಂಜಿಕೆ. 1860ರ ಭಾರತ ದಂಡಸಂಹಿತೆಯ 508ನೆಯ ಕಲಮು, ದೇವರ ಮುನಿಸಿಗೆ ಗುರಿಯಾಗುತ್ತೀ ಎಂದು ನಂಬಿಸಿ ಹೆದರಿಸುವುದನ್ನು ಅಪರಾಧವೆಂದಿತು. ಅದಕ್ಕೆ ಕೊಟ್ಟ ಉದಾಹರಣೆಯೇ ಬಾಗಿಲಲ್ಲಿ ಧರಣಿ ಕೂರುವುದು. ಆಮೇಲೆ ಸಾವುಕಾರನಿಗೆ ಉಪವಾಸದ ಗೊಡವೆಯೇ ಬೇಕಾಗಲಿಲ್ಲ, ಕೋರ್ಟಿನ ಡಿಕ್ರಿ ಕೈಗೆ ಬಂತು. 1875ರಲ್ಲಿ ಪುಣೆ, ಅಹ್ಮದನಗರ ಜಿಲ್ಲೆಗಳ ರೈತರು ದಂಗೆಯೆದ್ದಾಗ ಮೊದಲು ಕೈಹಾಕಿದ್ದು ಸಾಲಪತ್ರಗಳಿಗೆ. ಆ ಕಾಗದಗಳನ್ನು ಕಿತ್ತುಕೊಂಡು ಸುಟ್ಟರು.

ಗದಗ ಆಗ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯ ಊರು. 1876ರಿಂದ 78ರವರೆಗಿನ ಬರವನ್ನು ಈ ನಾಡೂ ಉಂಡಿದೆ. ಶತಮಾನದ ಕೊನೆಗೆ ಮತ್ತೆ ಬರ ಬಂತು. ರೈತನಿಗೆ ಸಾವುಕಾರನಲ್ಲದೆ ಇನ್ನೊಂದು ದಾರಿ ಬೇಕೆಂದು ಸರಕಾರ 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾನೂನು ತಂದಿತು. ಮರುವರ್ಷ, 1905ರಲ್ಲಿ, ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘವೊಂದನ್ನು ಕಟ್ಟಿದರು. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಎಂಬ ಹೆಸರು ಅದಕ್ಕಿದೆ. ನಮ್ಮ ಕಡೆಯ ಮಕ್ಕಳಿಗೆ ಜಲಿಯನ್‌ವಾಲಾ ಬಾಗಿನ ಇಸವಿ ಗೊತ್ತು, ಕಣಗಿನಹಾಳದ್ದು ಗೊತ್ತಿಲ್ಲ ಎಂಬ ಕೊರಗು ನನಗಿದೆ, ಇರಲಿ.

‘ಪತ್ತು’ ಎಂಬ ಶಬ್ದವನ್ನು ಬೋರ್ಡಿನ ಮೇಲೆ ದಿನಾ ನೋಡುತ್ತೇವೆ, ಅರ್ಥ ಕೇಳುವುದಿಲ್ಲ. ಮರಾಠಿಯಲ್ಲಿ ‘ಪತ’ ಎಂದರೆ ಸಾಲ ಹುಟ್ಟುವ ಯೋಗ್ಯತೆ, ಜೊತೆಗೆ ಮರ್ಯಾದೆಯೂ ಹೌದು. ಪತ್ತಿನ ಸಂಘವೆಂದರೆ, ಹಾಗೆ ನೋಡಿದರೆ, ಮಾನದ ಸಂಘ. ಕಾನೂನಿನ ಒಳಗಿದ್ದದ್ದೂ ಅದೇ. ಒಂದೇ ಊರಿನ ಅಥವಾ ಅಕ್ಕಪಕ್ಕದ ಊರುಗಳ ಹತ್ತು ಜನ ಸೇರಿದರೆ ಸಂಘ. ಹಳ್ಳಿಯ ಸಂಘಗಳಿಗೆ ಮಿತಿಯಿಲ್ಲದ ಹೊಣೆ: ಒಬ್ಬ ಮುಳುಗಿಸಿದರೆ ಎಲ್ಲರೂ ತೆರಬೇಕು. ಜರ್ಮನಿಯ ರೈಫೈಸನ್ ಎಂಬವನ ಹಳ್ಳಿಯ ಸಂಘಗಳಿಂದ ಬಂದ ಪದ್ಧತಿ ಇದು. ಹೊಲ, ಬಂಗಾರ ಇಲ್ಲದವನಿಗೂ ಅವನ ನಡತೆ ಒತ್ತೆಯಾಗುತ್ತದೆ. ಯಾರು ಎತ್ತು ಕೊಳ್ಳಲು ಸಾಲ ತೆಗೆದು ಜಾತ್ರೆಯಲ್ಲಿ ಕಳೆದ ಎಂಬುದು ನೆರೆಯವರಿಗೆ ತಿಳಿಯದೆ ಇರುತ್ತದೆಯೇ?

ಹಾಗಾದರೆ ನಾಚಿಕೆ ಹೋಯಿತೇ? ಇಲ್ಲ, ಕೈ ಬದಲಾಯಿತು ಅಷ್ಟೆ. ಸಾವುಕಾರನ ಕಟ್ಟೆಯ ಮೇಲೆ ಮಾನ ಕಳೆದುಕೊಳ್ಳುವವನು ಒಬ್ಬನೇ, ಕಳೆಯುವವನು ಇನ್ನೊಬ್ಬನೇ. ಸಂಘದಲ್ಲಿ ಇಂದು ಕೇಳುವವನು ನಾಳೆ ಕೇಳಿಸಿಕೊಳ್ಳುವವನು. ಹಣ ಅವರದೇ, ಉಳಿತಾಯವೂ ಅವರದೇ. ಹೀಗಾಗಿ ಮಾತು ಹರಿತವಾಗುವ ಮೊದಲು ಹತ್ತು ಸಲ ಯೋಚಿಸುತ್ತಾರೆ. ಇದು ಸಣ್ಣ ವ್ಯತ್ಯಾಸ ಎಂದು ನನಗನಿಸುವುದಿಲ್ಲ.

ಆ ಹೊಣೆಯ ಪದ್ಧತಿ ಈಗ ನಮ್ಮ ಹೆಣ್ಣುಮಕ್ಕಳ ಬಾಗಿಲಿಗೆ ಬಂದಿದೆ. 2000ರಲ್ಲಿ ರಾಜ್ಯದಲ್ಲಿ ಸ್ತ್ರೀಶಕ್ತಿ ಯೋಜನೆ ಶುರುವಾದಾಗ ವಾರವಾರ ಉಳಿಸಿ ತಮ್ಮ ತಮ್ಮಲ್ಲೇ ಸಾಲ ಕೊಟ್ಟುಕೊಂಡ ಗುಂಪುಗಳು ಕಣಗಿನಹಾಳದ ಮೊಮ್ಮಕ್ಕಳೇ ಸರಿ. ಆದರೆ ಕಿರುಸಾಲದ ಕಂಪನಿಗಳು ತೆಗೆದುಕೊಂಡದ್ದು ಹೊಣೆಯನ್ನು ಮಾತ್ರ. ಹಣ ದೂರದವರದು, ಬಡ್ಡಿಯ ಲಾಭವೂ ದೂರದವರದು, ವಸೂಲಿಗೆ ಮಾತ್ರ ಓಣಿಯ ಹತ್ತು ಹೆಂಗಸರು. ಒಬ್ಬಳ ಕಂತು ಬರುವ ತನಕ ಉಳಿದವರು ಏಳುವಂತಿಲ್ಲ. ಬೈಯುವ ಕೆಲಸ ಏಜೆಂಟನಿಗೆ ಬೇಕೇ ಆಗುವುದಿಲ್ಲ. ಒಲೆಯ ಮೇಲೆ ಅನ್ನ ಬಿಟ್ಟು ಬಂದ ನೆರೆಯವಳೇ ಬೈಯುತ್ತಾಳೆ.

ಆಂಧ್ರದಲ್ಲಿ ಇದು ಆತ್ಮಹತ್ಯೆಗಳವರೆಗೆ ಹೋಗಿ 2010ರಲ್ಲಿ ಸುಗ್ರೀವಾಜ್ಞೆ ಬಂತು. ನಮ್ಮಲ್ಲಿ 2025ರ ಫೆಬ್ರವರಿಯಲ್ಲಿ ಬಂತು. ಕಿರುಸಾಲ ವಸೂಲಿಗೆ ಕಿರುಕುಳ ಕೊಟ್ಟರೆ ಹತ್ತು ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ಬರಲೇಬೇಕಿತ್ತು, ತಡವಾಗಿ ಬಂತು. ಬಾಗಿಲಿಗೆ ಬಂದು ಕೂಗಾಡುವವನನ್ನು ಅದು ಹಿಡಿಯಬಹುದು. ಆದರೆ ಅವನು ಬೈಕು ಹತ್ತಿ ಹೋದ ಮೇಲೂ ಕಂತು ತಪ್ಪಿಸಿದವಳು ಮತ್ತು ಅವಳ ಪರವಾಗಿ ತುಂಬಿದವಳು ಒಂದೇ ಓಣಿಯಲ್ಲಿರುತ್ತಾರೆ, ನಳಕ್ಕೆ ನೀರು ಬಂದಾಗ ಒಂದೇ ಸಾಲಿನಲ್ಲಿ ಕೊಡ ಇಡುತ್ತಾರೆ.