ಇನುಲಿನ್

ಚಿಕೋರಿ, ಡೇಲಿಯಾ, ಬೆಳ್ಳುಳ್ಳಿ, ಈರುಳ್ಳಿ ಮೊದಲಾದ ಸಸ್ಯಗಳು ಬೇರು, ಗೆಡ್ಡೆಗಳಲ್ಲಿ ಕೂಡಿಟ್ಟುಕೊಳ್ಳುವ ಕರಗುವ ನಾರು. ಪ್ರಿಬಯಾಟಿಕ್ (ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಆಹಾರವಾಗುವ) ನಾರುಗಳ ಪೈಕಿ ಅತಿ ಹೆಚ್ಚು ಪರೀಕ್ಷೆಗೆ ಒಳಗಾದವುಗಳಲ್ಲಿ ಒಂದು. 1804ರಲ್ಲಿ ಜರ್ಮನಿಯ ವ್ಯಾಲೆಂಟಿನ್ ರೋಸ್ ಇದನ್ನು ಇನುಲಾ ಹೆಲೆನಿಯಮ್ ಗಿಡದ ಬೇರಿನ ಕಷಾಯದಿಂದ ಬೇರ್ಪಡಿಸಿದ. 1864ರಲ್ಲಿ ಜೂಲಿಯಸ್ ಸಾಕ್ಸ್ ಇದರ ಗುಂಡು ಹರಳುಗಳನ್ನು ಡೇಲಿಯಾ ಗೆಡ್ಡೆಯಲ್ಲಿ ಸೂಕ್ಷ್ಮದರ್ಶಕದಿಂದ ಗುರುತಿಸಿದ.

ಇನುಲಿನ್ ಎಂದರೆ ಫ್ರಕ್ಟೋಸ್ ಸಕ್ಕರೆಯ ಸರಪಳಿ. ಅದರ ಕೊಂಡಿಗಳನ್ನು ಕತ್ತರಿಸುವ ಕಿಣ್ವ ಮನುಷ್ಯನಲ್ಲಿಲ್ಲ. ಇದರ ಚರಿತ್ರೆಯೆಲ್ಲ ಈ ಇಲ್ಲದಿರುವಿಕೆಯಿಂದಲೇ ಹುಟ್ಟಿದ್ದು. ರಕ್ತಕ್ಕೆ ಸೇರಿಸಿದರೆ ದೇಹ ಇದನ್ನು ಬಳಸಿಕೊಳ್ಳದು. ಮೂತ್ರಪಿಂಡ ಸೋಸಿ ಹಾಗೆಯೇ ಹೊರಹಾಕುತ್ತದೆ. ಆದ್ದರಿಂದ 1930ರ ದಶಕದಲ್ಲಿ ಅಮೆರಿಕದ ಹೋಮರ್ ಸ್ಮಿತ್ ಮೊದಲಾದವರು ಮೂತ್ರಪಿಂಡ ಎಷ್ಟು ಸೋಸುತ್ತದೆಂದು ಅಳೆಯಲು ಇನುಲಿನ್ನನ್ನೇ ಬಳಸಿದರು.

ಈ ಚರಿತ್ರೆಯಲ್ಲಿ ಕರುಳಿಗೆ ಸಂಬಂಧಿಸಿದ ಎಳೆ ಆರಂಭವಾದದ್ದು ಸಸ್ಯದಿಂದಲ್ಲ, ತಾಯಿಹಾಲಿನಿಂದ. 1900ರ ಸುಮಾರಿಗೆ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ಆನ್ರಿ ಟಿಸಿಯೆ ಎದೆಹಾಲು ಕುಡಿಯುವ ಶಿಶುಗಳ ಮಲದಲ್ಲಿ ಕವಲೊಡೆದ ಬ್ಯಾಕ್ಟೀರಿಯಾ ಕಂಡ. ಇವೇ ಇಂದಿನ ಬಿಫಿಡೋಬ್ಯಾಕ್ಟೀರಿಯಾ. ಇವನ್ನು ಬೆಳೆಸುವ ಅಂಶ ತಾಯಿಹಾಲಿನಲ್ಲಿದೆಯೆಂದು 1950ರ ದಶಕದಲ್ಲಿ ಪಾಲ್ ಜಾರ್ಜಿ ತೋರಿಸಿದ. ವಯಸ್ಕರಿಗೆ ಅದೇ ಕೆಲಸವನ್ನು ಸಸ್ಯದ ನಾರು ಮಾಡೀತೇ? 1995ರಲ್ಲಿ ಗ್ಲೆನ್ ಗಿಬ್ಸನ್ ಮತ್ತು ಸಂಗಡಿಗರು ಎಂಟು ಜನರಿಗೆ ದಿನಕ್ಕೆ 15 ಗ್ರಾಂ ಆಲಿಗೋಫ್ರಕ್ಟೋಸ್ (ಇನುಲಿನ್‌ನ ಗಿಡ್ಡ ಸರಪಳಿಯ ರೂಪ), ಅವರಲ್ಲಿ ಕೆಲವರಿಗೆ ಮುಂದೆ ಇನುಲಿನ್ ಕೊಟ್ಟು ನೋಡಿದರು, ಬಿಫಿಡೋಬ್ಯಾಕ್ಟೀರಿಯಾ ಹೆಚ್ಚಿದವು. ಎಂಟೇ ಜನ, ಆದರೂ ಫಲ ನಿಚ್ಚಳವಾಗಿತ್ತು. ಅದೇ ವರ್ಷ ಗಿಬ್ಸನ್ ಹಾಗೂ ಬೆಲ್ಜಿಯಂನ ಮಾರ್ಸೆಲ್ ರಾಬರ್‌ಫ್ರಾಯ್ಡ್ ಪ್ರಿಬಯಾಟಿಕ್ ಪರಿಕಲ್ಪನೆ ಮಂಡಿಸಿದರು.

ದೊಡ್ಡಕರುಳಿನಲ್ಲಿ ಬಿಫಿಡೋಬ್ಯಾಕ್ಟೀರಿಯಾ ಇನುಲಿನ್ ಒಡೆದು ಅಸಿಟೇಟ್, ಲ್ಯಾಕ್ಟೇಟ್ ಬಿಡುತ್ತವೆ. ಅವನ್ನುಂಡು ಬೇರೆ ಬ್ಯಾಕ್ಟೀರಿಯಾ ಬ್ಯುಟಿರೇಟ್ ತಯಾರಿಸುತ್ತವೆ. ದೊಡ್ಡಕರುಳಿನ ಒಳಪದರದ ಕೋಶಗಳಿಗೆ ಬ್ಯುಟಿರೇಟೇ ಮುಖ್ಯ ಇಂಧನ. ಈ ಹುದುಗುವಿಕೆಯಲ್ಲಿ ಹೊಟ್ಟೆಯುಬ್ಬರವೂ ಬರುತ್ತದೆ. ಜಾಹೀರಾತುಗಳು ಆ ಮಾತೆತ್ತುವುದು ಕಡಿಮೆ.

ಕೈಗಾರಿಕೆ ಬಳಸುವ ಇನುಲಿನ್ ಬಹುಪಾಲು ಚಿಕೋರಿ ಬೇರಿನದು. ಬೆಲ್ಜಿಯಂ, ನೆದರ್ಲೆಂಡ್ಸ್ ಅದರ ನೆಲೆಗಳು. ನಮ್ಮ ಫಿಲ್ಟರ್ ಕಾಫಿಗೆ ಬೆರೆಸುವ ಚಿಕೋರಿಯೂ ಅದೇ ಗಿಡದ್ದು, ಆದರೆ ಹುರಿಯುವಾಗ ಇನುಲಿನ್ ಗಣನೀಯವಾಗಿ ಒಡೆಯುತ್ತದೆ.

2017ರಲ್ಲಿ ಪ್ರಿಬಯಾಟಿಕ್ ವ್ಯಾಖ್ಯೆ ಹಿಗ್ಗಿ, ನಾರಲ್ಲದ ಪದಾರ್ಥಗಳಿಗೂ ಎಡೆಯಾಯಿತು. 2022ರಲ್ಲಿ ಪ್ರಕಟವಾದ ಸ್ಟ್ಯಾನ್‌ಫರ್ಡ್ ಅಧ್ಯಯನದಲ್ಲಿ ಇನುಲಿನ್ ಪ್ರಮಾಣ ದಿನಕ್ಕೆ 30 ಗ್ರಾಂ ಮುಟ್ಟಿದಾಗ ಕೆಲವರ ರಕ್ತದಲ್ಲಿ ಉರಿಯೂತದ ಸೂಚಕಗಳು ಏರಿದವು. ಒಂದೇ ನಾರಿಗೆ ಒಬ್ಬೊಬ್ಬರ ಸ್ಪಂದನ ಒಂದೊಂದು ಬಗೆಯಾಗಿತ್ತು.