ಸುಣ್ಣ ಸುಟ್ಟ ಕಣ್ಣು, ಅಂಚಿನ ಜೀವಕೋಶ

2021ರ ಅಕ್ಟೋಬರಿನಲ್ಲಿ ಪುನೀತ್ ರಾಜ್‌ಕುಮಾರ್ ಅವರ ಕಣ್ಣುಗಳ ಕಾರ್ನಿಯಾವನ್ನು ಪದರಪದರವಾಗಿ ಬಿಡಿಸಿ ಬೆಂಗಳೂರಿನ ವೈದ್ಯರು ನಾಲ್ವರಿಗೆ ದೃಷ್ಟಿ ಕೊಟ್ಟರು. ಆದರೆ ಎಲೆಯಡಿಕೆಯ ಸುಣ್ಣದ ಪೊಟ್ಟಣ ಹಿಚುಕಿ, ಅದು ಸಿಡಿದು ಕಣ್ಣು ಸುಟ್ಟುಕೊಂಡ ಮಗುವಿಗೆ ದಾನದ ಕಾರ್ನಿಯಾ ಒಂದೇ ಸಾಲದು. ಕಾರ್ನಿಯಾದ ಮೇಲ್ಪದರ ದಿನವೂ ಸವೆಯುತ್ತದೆ, ದಿನವೂ ಹುಟ್ಟುತ್ತದೆ. ಅದನ್ನು ಹುಟ್ಟಿಸುವ ಆಕರಕೋಶಗಳು ಕರಿಗುಡ್ಡೆಯೂ ಬಿಳಿಗುಡ್ಡೆಯೂ ಕೂಡುವ ಕಿರಿದಾದ ಅಂಚಿನಲ್ಲಿವೆ. ಸುಣ್ಣ ಆ ಅಂಚನ್ನೇ ಸುಟ್ಟರೆ ಬಿಳಿಗುಡ್ಡೆಯ ಪೊರೆ ರಕ್ತನಾಳಗಳ ಸಮೇತ ಒಳಕ್ಕೆ ಹಬ್ಬುತ್ತದೆ. ಕಸಿ ಮಾಡಿದ ಕಾರ್ನಿಯಾವನ್ನೂ ಮುಚ್ಚಿಬಿಡುತ್ತದೆ.

ಅಮೆರಿಕದ ಕೆನ್ಯನ್ ಮತ್ತು ಸೆಂಗ್ 1989ರಲ್ಲಿ ಒಳ್ಳೆಯ ಕಣ್ಣಿನ ಅಂಚನ್ನು ಕತ್ತರಿಸಿ ಕೆಟ್ಟ ಕಣ್ಣಿಗೆ ಕೂಡಿಸಿದ ವರದಿ ಕೊಟ್ಟರು. ಫಲ ಸಿಕ್ಕಿತು. ಆದರೆ ತೆಗೆಯಬೇಕಾದ ತುಂಡು ದೊಡ್ಡದು. ಉಳಿದ ಒಂದೇ ಕಣ್ಣನ್ನು ಅಪಾಯಕ್ಕೊಡ್ಡಲು ಯಾವ ತಾಯಿ ಒಪ್ಪಿಯಾಳು?

ದಾರಿ ತೋರಿಸಿದ್ದು ಚರ್ಮದ ವಿಜ್ಞಾನ. 1975ರಲ್ಲಿ ಹೊವಾರ್ಡ್ ಗ್ರೀನ್ ಮತ್ತು ಜೇಮ್ಸ್ ರೈನ್‌ವಾಲ್ಡ್ ಇಲಿಯ ಜೀವಕೋಶಗಳ ಹಾಸಿನ ಮೇಲೆ ಮನುಷ್ಯನ ಚರ್ಮಕೋಶ ಬೆಳೆಸಿದ್ದರು. ಆ ವಿಧಾನವನ್ನೇ ಹಿಡಿದು ಇಟಲಿಯ ಗ್ರಾಜಿಯೆಲ್ಲಾ ಪೆಲ್ಲೆಗ್ರಿನಿ, ಮಿಕೆಲೆ ದೆ ಲೂಕಾ ಅವರ ತಂಡ 1997ರಲ್ಲಿ ಒಂದೆರಡು ಮಿಲಿಮೀಟರ್ ತುಂಡಿನಿಂದ ಪೂರ್ತಿ ಪದರ ಬೆಳೆಸಿ ಇಬ್ಬರಿಗೆ ಹಾಕಿತು. 2010ರ ಹೊತ್ತಿಗೆ 112 ರೋಗಿಗಳ ಫಲಿತಾಂಶ ಬಂತು: ಶೇ. 76.6ರಷ್ಟು ಯಶಸ್ಸು. 2015ರಲ್ಲಿ ಇದೇ ಚಿಕಿತ್ಸೆ ಹೊಲೊಕ್ಲಾರ್ ಹೆಸರಿನಲ್ಲಿ ಯುರೋಪಿನ ಮಂಜೂರಾತಿ ಪಡೆಯಿತು.

ನನ್ನ ಮಟ್ಟಿಗೆ ಈ ಕತೆಯ ತಿರುವು ಹೈದರಾಬಾದಿನದು. ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆಯಲ್ಲಿ ವೀರೇಂದರ್ ಸಂಗ್ವಾನ್ ಅವರ ತಂಡವೂ ಮೊದಲು ಪ್ರಯೋಗಾಲಯದಲ್ಲೇ ಕೋಶ ಬೆಳೆಸುತ್ತಿತ್ತು. ಒಟ್ಲು ಹಾಕಿ, ಸಸಿ ಎಬ್ಬಿಸಿ, ಆಮೇಲೆ ನಾಟಿ ಮಾಡಿದ ಹಾಗೆ. 2012ರಲ್ಲಿ ಅವರು ಪ್ರಕಟಿಸಿದ್ದು ನೇರ ಬಿತ್ತನೆಯ ವಿಧಾನ. ಒಳ್ಳೆಯ ಕಣ್ಣಿನ ಅಂಚಿನಿಂದ 2 ಮಿಲಿಮೀಟರ್ ಚೂರು ತೆಗೆದು, ಅದನ್ನು ಎಂಟು ಹತ್ತು ತುಣುಕು ಮಾಡಿ, ಹೆರಿಗೆಯಲ್ಲಿ ಸಿಗುವ ಗರ್ಭಚೀಲದ ತೆಳುಪೊರೆಯನ್ನು ಕಣ್ಣಿಗೆ ಹೊದಿಸಿ, ಅದರ ಮೇಲೆ ತುಣುಕುಗಳನ್ನು ಫೈಬ್ರಿನ್ ಅಂಟಿನಿಂದ ಕೂರಿಸುವುದು. ಕೋಶ ಬೆಳೆಯುವುದು ಕಣ್ಣಿನಲ್ಲೇ. ಒಂದೇ ಶಸ್ತ್ರಚಿಕಿತ್ಸೆ, ವಿಶೇಷ ಪ್ರಯೋಗಾಲಯ ಬೇಡ. 2016ರಲ್ಲಿ ಪ್ರಕಟವಾದ 125 ರೋಗಿಗಳ ಲೆಕ್ಕದಲ್ಲಿ ಶೇ. 76ರಷ್ಟು ಯಶಸ್ಸು, ಹೆಚ್ಚುಕಡಿಮೆ ಇಟಲಿಯಷ್ಟೇ. ಬಡವರ ಕಣ್ಣಿಗೆ ತಲುಪಬಲ್ಲ ವಿಜ್ಞಾನ ಹೇಗಿರಬೇಕೆಂದು ಕೇಳಿದರೆ ನಾನು ಇದನ್ನೇ ತೋರಿಸುತ್ತೇನೆ. ಒಳಪದರದಲ್ಲೂ ಕಲೆಯಿದ್ದರೆ ಮುಂದೆ ಕಾರ್ನಿಯಾ ಕಸಿಯೂ ಬೇಕಾಗಬಹುದು. ಆಗ ದಾನದ ಕಣ್ಣು ಮತ್ತೆ ಕೆಲಸಕ್ಕೆ ಬರುತ್ತದೆ.

ಎರಡೂ ಕಣ್ಣು ಸುಟ್ಟವರಿಗೆ ಬಿತ್ತಲು ಬೀಜವೇ ಇಲ್ಲ. ಜಪಾನಿನ ಕೋಜಿ ನಿಶಿದಾ 2004ರಲ್ಲಿ ರೋಗಿಯ ಬಾಯೊಳಗಿನ ಲೋಳೆಪದರದಿಂದ ಕೋಶ ಬೆಳೆಸಿ ನಾಲ್ವರಿಗೆ ಹಾಕಿದರು. ಇತರ ವ್ಯಕ್ತಿಗಳ ಕೋಶವನ್ನು ಭ್ರೂಣಸ್ಥಿತಿಗೆ ಮರಳಿಸಿ, ಅದರಿಂದ ಕಾರ್ನಿಯಾ ಪದರ ಮಾಡಿ ಒಸಾಕಾದಲ್ಲಿ ಮತ್ತೆ ನಾಲ್ವರಿಗೆ ಹಾಕಿದ್ದನ್ನು ಅವರ ತಂಡ 2024ರಲ್ಲಿ ವರದಿ ಮಾಡಿತು. ಮೂವರ ದೃಷ್ಟಿಯ ಸುಧಾರಣೆ ವರ್ಷ ಕಳೆದರೂ ಉಳಿದಿತ್ತು. ಆ ಪದರ ಇನ್ನೂ ಒಟ್ಲಿನಲ್ಲೇ ಬೆಳೆಯಬೇಕು.