ಪಹಣಿಯಲ್ಲಿ ಬಿಯರ್: ಬವೇರಿಯಾದ ಒಂದು ಸೀಮೆಯ ಕೊಪ್ಪರಿಗೆ ಹಕ್ಕಿನ ಕಥೆ

ನಮ್ಮ ಪಹಣಿಯಲ್ಲಿ ಏನೇನು ಇರುತ್ತೆ ಅಂತ ನಿಮಗೆ ಹೇಳಬೇಕಿಲ್ಲ. ಸರ್ವೆ ನಂಬರು, ವಿಸ್ತೀರ್ಣ, ಖರಾಬು, ಬೆಳೆ, ಸಾಲ ತಗೊಂಡಿದ್ರೆ ಬ್ಯಾಂಕಿನ ಹೆಸರು. ಜರ್ಮನಿಯ ಬವೇರಿಯಾ ರಾಜ್ಯದ ಪೂರ್ವಕ್ಕೆ, ಚೆಕ್ ದೇಶದ ಗಡಿಗೆ ಹತ್ತಿಕೊಂಡು ಓಬರ್‌ಫಾಲ್ಟ್ಸ್ ಅನ್ನೋ ಸೀಮೆ ಇದೆ. ಅಲ್ಲಿನ ಕೆಲವು ಸಣ್ಣ ಊರುಗಳಲ್ಲಿ ಮನೆಯ ಭೂದಾಖಲೆಯಲ್ಲಿ ಇನ್ನೊಂದು ಹಕ್ಕೂ ಬರೆದಿರುತ್ತೆ: ಈ ಮನೆಯವರು ಬಿಯರ್ ಕಾಯಿಸಬಹುದು, ತಮ್ಮ ಮನೆಯಲ್ಲೇ ಮಾರಬಹುದು. ಈ ಹಕ್ಕು ಅಂಟಿಕೊಂಡಿರೋದು ಮನೆಗೆ. ಮನೆ ಮಾರಿದರೆ ಹಕ್ಕೂ ಕೊಂಡವರ ಜೊತೆ ಹೋಗುತ್ತೆ, ನಮ್ಮಲ್ಲಿ ಬಾವಿ ನೀರಿನ ಪಾಲು ಜಮೀನಿನ ಜೊತೆ ಹೋಗೋ ಹಾಗೆ.

ಇದು ನಿನ್ನೆ ಮೊನ್ನೆಯದಲ್ಲ. ನೊಯ್‌ಹೌಸ್ ಅನ್ನೋ ಊರಿನವರಿಗೆ ಅಲ್ಲಿನ ಸಂಸ್ಥಾನಿಕ ಈ ಹಕ್ಕು ಕೊಟ್ಟಿದ್ದು 1415ರಲ್ಲಿ. ಹಕ್ಕು ಪಡೆದ ಮನೆಗಳವರು ದೊಡ್ಡ ಸಾಹುಕಾರರೇನಲ್ಲ. ಊರೊಳಗೆ ಮನೆ, ಊರಾಚೆ ಹೊಲ, ಕೊಟ್ಟಿಗೆಯಲ್ಲಿ ನಾಲ್ಕು ದನ, ಒಂದೆರಡು ಹಂದಿ. ಬಹುಪಾಲು ಇಂಥವರೇ.

ಹೇಗೆ ಕಾಯಿಸ್ತಾರೆ ಅಂತ ಸ್ವಲ್ಪ ಹೇಳಿಬಿಡ್ತೀನಿ, ಯಾಕಂದ್ರೆ ನಮ್ಮಲ್ಲಿ ಬಿಯರ್ ಅಂದ್ರೂ ಸಾರಾಯಿ ಅಂದ್ರೂ ಒಂದೇ ಅನ್ಕೊಂಡವರು ಇದ್ದಾರೆ. ಬಿಯರಿಗೆ ಭಟ್ಟಿ ಇಳಿಸೋ ಕೆಲಸ ಇಲ್ಲ. ರಾಗಿ ಮಾಲ್ಟಿಗೆ ನಮ್ಮ ಹೆಣ್ಣುಮಕ್ಕಳು ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ ಒಣಗಿಸ್ತಾರಲ್ಲ, ಬಾರ್ಲಿಗೂ ಅದೇ ಮೊದಲ ಕೆಲಸ. ಆಮೇಲೆ ಅದನ್ನ ತರಿಯಾಗಿ ಒಡೆದು ಬಿಸಿನೀರಲ್ಲಿ ನೆನೆಸಿಟ್ಟರೆ ಸಿಹಿಯೆಲ್ಲ ನೀರಿಗೆ ಬಿಡುತ್ತೆ. ಆ ಸಿಹಿ ನೀರನ್ನ ಸೋಸಿ, ಹಾಪ್ಸ್ ಅನ್ನೋ ಬಳ್ಳಿಯ ಕಹಿ ಹೂವು ಹಾಕಿ ಕುದಿಸ್ತಾರೆ. ಆರಿದ ಮೇಲೆ ಹಾಲಿಗೆ ಹೆಪ್ಪು ಹಾಕೋ ಹಾಗೆ ಈಸ್ಟ್ ಹಾಕಿದರೆ ಹುದುಗು ಬರುತ್ತೆ. ನೆಲಮಾಳಿಗೆಯ ತಂಪಲ್ಲಿ ಕೆಲವು ವಾರ ಇಟ್ಟರೆ ಬಿಯರ್.

ಕಷ್ಟ ಇರೋದು ಕೊಪ್ಪರಿಗೆಯಲ್ಲಿ. ಅಷ್ಟು ದೊಡ್ಡ ಪಾತ್ರೆ, ಒಲೆ, ಸೌದೆ, ಬೆಂಕಿ ಅಪಾಯ, ಇವೆಲ್ಲ ಮನೆ ಮನೆಗೆ ಆಗೋ ಕೆಲಸವಲ್ಲ. ಅದಕ್ಕೆ ಊರಿಗೊಂದು ಕಾಯಿಸುವ ಮನೆ ಕಟ್ಟಿಕೊಂಡರು. ಇದನ್ನ ಓದಿದಾಗ ನನಗೆ ಕಣ್ಣಿಗೆ ಕಟ್ಟಿದ್ದು ನಮ್ಮ ಆಲೆಮನೆ. ಸರದಿ ಪ್ರಕಾರ ಒಂದೊಂದು ಮನೆಯವರು ತಮ್ಮ ಮಾಲ್ಟು ತಗೊಂಡು ಬರ್ತಾರೆ, ಒಂದು ಸಲ ಕಾಯಿಸಿದ್ದಕ್ಕೆ ಕೊಪ್ಪರಿಗೆ ಬಾಡಿಗೆ ಅಂತ ಕಟ್ತಾರೆ. ಆ ದುಡ್ಡಲ್ಲೇ ಕಟ್ಟಡದ ರಿಪೇರಿ. ಇವತ್ತಿಗೂ ಒಲೆಗೆ ಸೌದೆಯನ್ನೇ ಹಾಕ್ತಾರೆ. ಕುದಿಸಿದ ರಸ ರಾತ್ರಿಯಿಡೀ ಅಗಲವಾದ ತೊಟ್ಟಿಯಲ್ಲಿ ಆರುತ್ತೆ. ಬೆಳಿಗ್ಗೆ ಟ್ರ್ಯಾಕ್ಟರಿಗೆ ಟ್ಯಾಂಕು ಕಟ್ಟಿಕೊಂಡು ಮನೆಗೆ ಸಾಗಿಸ್ತಾರೆ. ಅಲ್ಲಿಂದ ಮುಂದಿನದು ಅವರವರ ನೆಲಮಾಳಿಗೆ, ಅವರವರ ಕೈಗುಣ.

ಹದ ಆದ ಮೇಲೆ ಮನೆ ಮುಂದೆ ಒಂದು ಕೋಲು ಚಾಚಿ ಆರು ಮೂಲೆಯ ನಕ್ಷತ್ರ ನೇತು ಹಾಕ್ತಾರೆ. ಒಂದು ತ್ರಿಕೋನ ನೀರು, ಮಾಲ್ಟು, ಹಾಪ್ಸಿಗೆ, ಇನ್ನೊಂದು ಬೆಂಕಿ, ನೀರು, ಗಾಳಿಗೆ ಅಂತ ಅರ್ಥ ಹೇಳ್ತಾರೆ. ನಕ್ಷತ್ರ ಕಂಡರೆ ಈ ಮನೆಯಲ್ಲಿ ಬಿಯರ್ ಇದೆ, ಒಳಗೆ ಬನ್ನಿ ಅಂತ. ಆ ಗುರುತಿಗೆ ಅಲ್ಲಿನ ಆಡುಮಾತಲ್ಲಿ ಇರೋ ಹೆಸರೇ ಬಿಯರಿಗೂ ಬಂತು: ಟ್ಸೊಯ್ಗಲ್. ಮುಗಿದ ದಿನ ನಕ್ಷತ್ರ ಇಳಿಸಿದರೆ ಬೇರೆ ಮನೆಯವರ ಸರದಿ. ಒಳಗೆ ಬೋರ್ಡು, ಬಾರು ಏನೂ ಇಲ್ಲ. ಉದ್ದನೆ ಬೆಂಚು, ಗುರುತಿಲ್ಲದವರ ಪಕ್ಕ ಕೂರಲೇಬೇಕು. ತಿನ್ನೋಕೆ ರೊಟ್ಟಿ, ಚೀಸು, ಮನೆಯದ್ದೇ ಹಂದಿ ಮಾಂಸದ ತಣ್ಣನೆ ತಿಂಡಿ. ಬಿಯರು ಸೋಸದೆ ಕೊಡೋದರಿಂದ ಸ್ವಲ್ಪ ಮಬ್ಬಾಗಿರುತ್ತೆ, ನೊರೆ ಕಡಿಮೆ. ಒಂದೇ ಕೊಪ್ಪರಿಗೆಯಲ್ಲಿ ಕಾಯಿಸಿದ್ದರೂ ಮನೆ ಮನೆಗೆ ರುಚಿ ಬೇರೆ, ಮೊಸರಿನ ಹಾಗೆ. ಯಾರ ಮನೆಯದು ಚೆನ್ನಾಗಿದೆ ಅನ್ನೋ ಜಗಳವೇ ಆ ಊರವರಿಗೆ ಅರ್ಧ ಸಂತೋಷ ಅಂತ ಕಾಣುತ್ತೆ.

ಇದೆಲ್ಲ ಒಂದು ಕಡೆ. ಇನ್ನೊಂದು ಕಡೆ ಬವೇರಿಯಾದ ದೊರೆಗಳ ಕಾನೂನು.

ಬಿಯರ್ ಬಾಟಲಿ ಮೇಲೆ 1516 ಅಂತ ಅಚ್ಚು ಹಾಕಿರೋದನ್ನ ಕೆಲವರಾದರೂ ನೋಡಿರಬಹುದು. ಆ ವರ್ಷ ಏಪ್ರಿಲ್ 23ಕ್ಕೆ ಇಂಗೋಲ್‌ಸ್ಟಾಟ್ ಊರಲ್ಲಿ ಡ್ಯೂಕ್ 4ನೇ ವಿಲ್‌ಹೆಲ್ಮ್ ಮತ್ತು ಅವನ ತಮ್ಮ 10ನೇ ಲುಡ್ವಿಗ್ ಒಂದು ಆಜ್ಞೆ ಹೊರಡಿಸಿದರು: ಬಿಯರಿಗೆ ಬಾರ್ಲಿ, ಹಾಪ್ಸ್, ನೀರು, ಇಷ್ಟು ಬಿಟ್ಟು ಬೇರೇನೂ ಹಾಕಕೂಡದು. ಹಾಕಿದರೆ ಪೀಪಾಯಿ ಜಪ್ತಿ. ಇದನ್ನ ‘ಶುದ್ಧತೆಯ ಕಾನೂನು’ ಅಂತ ಕಂಪನಿಗಳು ಹೊಗಳಿಕೊಳ್ತವೆ. ಆದರೆ ಶುದ್ಧತೆ ಅನ್ನೋ ಆ ಹೆಸರು ಬಂದಿದ್ದು 1918ರಲ್ಲಿ, ನಾನೂರು ವರ್ಷ ಆದ ಮೇಲೆ. ಮೂಲ ಆಜ್ಞೆಯಲ್ಲಿ ಹೆಚ್ಚು ಸಾಲು ಇರೋದು ದರದ ಬಗ್ಗೆ. ಸೆಪ್ಟೆಂಬರ್ 29ರ ಮೈಕೇಲ್ ಹಬ್ಬದಿಂದ ಏಪ್ರಿಲ್ 23ರ ಜಾರ್ಜ್ ಹಬ್ಬದ ತನಕ ಒಂದು ಅಳತೆಗೆ 1 ಫೆನಿಗ್, ಬೇಸಿಗೆಯಲ್ಲಿ 2 ಫೆನಿಗ್ ಮೀರಕೂಡದು. ಬಾರ್ಲಿ ಮಾತ್ರ ಅಂದಿದ್ದಕ್ಕೂ ಕಾರಣ ಇತ್ತು. ಬಿಯರಿನವರು ಗೋಧಿ ಕೊಳ್ಳೋಕೆ ಪೈಪೋಟಿಗೆ ಬಿದ್ದರೆ ರೊಟ್ಟಿಯ ಕಾಳಿನ ದರ ಏರುತ್ತೆ. ಊಟದ ಕಾಳು ಊಟಕ್ಕೆ ಉಳೀಲಿ ಅನ್ನೋದು ನನ್ನ ಪ್ರಕಾರ ನ್ಯಾಯವಾದ ಮಾತೇ.

ನ್ಯಾಯ ಎಷ್ಟು ದಿನ ನಿಂತಿತು ಅನ್ನೋದು ಮುಂದಿನ ಕಥೆ. 1548ರಲ್ಲಿ ಡೇಗನ್‌ಬೆರ್ಗ್ ಅನ್ನೋ ಜಮೀನ್ದಾರಿ ಮನೆತನಕ್ಕೆ ಗೋಧಿ ಬಿಯರ್ ಕಾಯಿಸೋ ವಿಶೇಷ ಪರವಾನಗಿ ಸಿಕ್ಕಿತು. ಬೇರೆ ಯಾರಿಗೂ ಇಲ್ಲ. ಗೋಧಿ ಬಿಯರು ಜನಕ್ಕೆ ಹಿಡಿಸಿತು, ಆ ಮನೆತನ ಕೊಬ್ಬಿತು. 1602ರಲ್ಲಿ ವಂಶದ ಕೊನೆಯವನು ಮಕ್ಕಳಿಲ್ಲದೆ ಸತ್ತಾಗ ಡ್ಯೂಕ್ ಮ್ಯಾಕ್ಸಿಮಿಲಿಯನ್ ಪರವಾನಗಿಯನ್ನ ಬೇರೆಯವರಿಗೆ ಕೊಡಲಿಲ್ಲ, ತಾನೇ ಇಟ್ಟುಕೊಂಡ. ಮ್ಯೂನಿಕ್, ಕೆಲ್‌ಹೈಮ್ ಅಂತ ಊರೂರಲ್ಲಿ ತನ್ನದೇ ಗೋಧಿ ಬಿಯರ್ ಕಾರ್ಖಾನೆ ತೆರೆದ. ಬೊಕ್ಕಸಕ್ಕೆ ಅದೇ ದೊಡ್ಡ ಆದಾಯ ಆಯಿತು. ಸಾಮಾನ್ಯ ಬಿಯರಿನವನು ಗೋಧಿ ಹಾಕಿದರೆ ಪೀಪಾಯಿ ಜಪ್ತಿ, ದೊರೆ ಹಾಕಿದರೆ ಆದಾಯ! ಈ ಏಕಸ್ವಾಮ್ಯ ಸಡಿಲ ಆಗಿದ್ದು 1798ರಲ್ಲಿ, ಅದೂ ಗೋಧಿ ಬಿಯರ್ ಕೇಳೋರು ಕಡಿಮೆಯಾಗಿ ಲಾಭ ಇಳಿದ ಮೇಲೆ.

ಇನ್ನೊಂದು ಕಾನೂನು 1553ರದ್ದು. ಬೇಸಿಗೆಯಲ್ಲಿ ಬಿಯರ್ ಕಾಯಿಸಲೇಬಾರದು. ಬಿಸಿಗೆ ಬಿಯರ್ ಕೆಡುತ್ತಿತ್ತು, ಒಲೆಯಿಂದ ಊರಿಗೆ ಬೆಂಕಿ ಬೀಳೋ ಭಯವೂ ಇತ್ತು. ಹಾಗಾಗಿ ಮಾರ್ಚಿಯಲ್ಲಿ ಸ್ವಲ್ಪ ಗಟ್ಟಿಯಾಗಿ ಕಾಯಿಸಿ, ದಿನ್ನೆ ಕೊರೆದು ನೆಲಮಾಳಿಗೆ ಮಾಡಿ, ಚಳಿಗಾಲದಲ್ಲಿ ಕೆರೆಯಿಂದ ಕತ್ತರಿಸಿ ತಂದ ಮಂಜುಗಡ್ಡೆ ತುಂಬಿ ಇಡ್ತಿದ್ದರು. ಮೇಲೆ ನೆರಳಿಗೆ ಅಗಲ ಎಲೆಯ ಚೆಸ್ಟ್‌ನಟ್ ಮರ ನೆಟ್ಟರು, ಬೇರು ಆಳಕ್ಕೆ ಇಳಿದು ಮಾಳಿಗೆ ಒಡೆಯೋದಿಲ್ಲ ಅಂತ. ನೆರಳು, ತಂಪು, ಬಿಯರ್ ಮೂರೂ ಒಂದೇ ಕಡೆ ಇದ್ದರೆ ಜನ ಸುಮ್ಮನಿರ್ತಾರಾ, ಅಲ್ಲೇ ಬಂದು ಕೂತರು. ಊರೊಳಗಿನ ಹೋಟೆಲಿನವರು ವ್ಯಾಪಾರ ಹೋಯ್ತು ಅಂತ ರಾಜನ ಹತ್ತಿರ ದೂರು ಒಯ್ದರು. 1812ರ ಜನವರಿ 4ಕ್ಕೆ ರಾಜ ಮ್ಯಾಕ್ಸ್ ಯೋಸೆಫ್ ಒಂದು ತೀರ್ಪು ಕೊಟ್ಟ: ಜೂನಿನಿಂದ ಸೆಪ್ಟೆಂಬರ್ ತನಕ ಮಾಳಿಗೆ ಹತ್ತಿರ ಬಿಯರ್ ಮಾರಬಹುದು, ಆದರೆ ರೊಟ್ಟಿ ಬಿಟ್ಟು ಬೇರೆ ಊಟ ಮಾರಕೂಡದು. ಜನ ಏನು ಮಾಡಿದರು? ಬುತ್ತಿ ಕಟ್ಟಿಕೊಂಡು ಹೋದರು. ಇವತ್ತಿಗೂ ಬವೇರಿಯಾದ ಬಿಯರ್ ತೋಟಕ್ಕೆ ಮನೆಯಿಂದ ಬುತ್ತಿ ಒಯ್ಯಬಹುದು, 1999ರ ಸರ್ಕಾರಿ ನಿಯಮದಲ್ಲೂ ಆ ಪದ್ಧತಿ ಸೇರಿದೆ. ಒಬ್ಬರ ಹೊಟ್ಟೆಗೂ ಹೊಡೆಯದೆ ಇಬ್ಬರನ್ನ ಬದುಕಿಸಿದ ಕಾನೂನು ನಾನು ಕಂಡಿದ್ದು ಕಡಿಮೆ, ಇದು ಅಂಥದ್ದೊಂದು.

ಜನ ಬಿಯರಿನ ದರಕ್ಕೆ ದಂಗೆಯನ್ನೂ ಎದ್ದಿದ್ದಾರೆ. 1844ರ ಮೇ ಮೊದಲ ವಾರ ಮ್ಯೂನಿಕ್‌ನಲ್ಲಿ ದರ ಏರಿಸಿದಾಗ ಬಿಯರ್ ಮನೆಗಳ ಕಿಟಕಿ ಬಾಗಿಲು ಪುಡಿಯಾದವು. ಸೈನಿಕರು ಮನಸ್ಸಿಟ್ಟು ತಡೆಯಲಿಲ್ಲ, ಅವರೂ ಅದೇ ಬಿಯರ್ ಕುಡಿಯೋರಲ್ಲವೇ. ರಾಜ ದರ ಇಳಿಸಿದ.

ಇಷ್ಟೆಲ್ಲ ದೊರೆಗಳ ಆಟದ ಮಧ್ಯೆ ಉಳಿದಿದ್ದ ಊರೊಟ್ಟಿನ ಕೊಪ್ಪರಿಗೆಗಳನ್ನ ಮುಗಿಸಿದ್ದು ಮಾತ್ರ ಕಾನೂನಲ್ಲ, ಯಂತ್ರ. ಬೇಸಿಗೆಯ ನಿಷೇಧ 1850ರಲ್ಲಿ ಹೋಯಿತು. 1870ರ ದಶಕದಲ್ಲಿ ಕಾರ್ಲ್ ಲಿಂಡೆ ಮ್ಯೂನಿಕ್‌ನ ಒಂದು ಬಿಯರ್ ಕಾರ್ಖಾನೆಗೆ ತಂಪು ಮಾಡೋ ಯಂತ್ರ ಕಟ್ಟಿಕೊಟ್ಟ. ಇವತ್ತು ನಮ್ಮ ಮನೆ ಫ್ರಿಜ್ಜಿನ ವಂಶಾವಳಿಯಲ್ಲಿ ಆ ಯಂತ್ರವೂ ಇದೆ. ವರ್ಷವಿಡೀ ಕಾಯಿಸಿ, ರೈಲಿನಲ್ಲಿ ಊರೂರಿಗೆ ಕಳಿಸೋ ಕಂಪನಿಗಳ ಮುಂದೆ ಸರದಿ ಮೇಲೆ ಸೌದೆ ಹೊರೋ ಕುಟುಂಬ ಎಷ್ಟು ದಿನ ನಿಲ್ಲುತ್ತೆ? ಓಬರ್‌ಫಾಲ್ಟ್ಸ್‌ನಲ್ಲಿ ಒಂದು ಕಾಲಕ್ಕೆ ಹತ್ತಾರು ಊರಲ್ಲಿದ್ದ ಕಾಯಿಸುವ ಮನೆಗಳಲ್ಲಿ ಈಗ ಟ್ಸೊಯ್ಗಲ್ ಕಾಯಿಸ್ತಿರೋದು ಐದೇ ಊರಲ್ಲಿ: ವಿಂಡಿಶ್‌ಎಶನ್‌ಬಾಖ್, ನೊಯ್‌ಹೌಸ್, ಫಾಲ್ಕನ್‌ಬೆರ್ಗ್, ಮಿಟರ್‌ಟೈಖ್, ಎಸ್ಲಾರ್ನ್.

ಉಳಿದ ಐದಕ್ಕೆ ಹೆಸರು ಬಂದ ಮೇಲೆ ಇನ್ನೊಂದು ತೊಂದರೆ ಶುರುವಾಯಿತು. ದೂರದ ಜನ ಹುಡುಕಿಕೊಂಡು ಬರೋಕೆ ಶುರು ಮಾಡಿದಾಗ, ಸಾಮಾನ್ಯ ಕಾರ್ಖಾನೆಗಳೂ ತಮ್ಮ ಬಾಟಲಿ ಮೇಲೆ ‘ಟ್ಸೊಯ್ಗಲ್’ ಅಂತ ಅಂಟಿಸಿ ಮಾರಿದವು. ಯಾರದ್ದೋ ಬೆಲ್ಲಕ್ಕೆ ಸಾವಯವ ಅಂತ ಚೀಟಿ ಅಂಟಿಸೋದು ನಮಗೆ ಗೊತ್ತಿಲ್ಲದ್ದಲ್ಲ. ಆ ಹೆಸರು ಯಾರ ಸ್ವತ್ತೂ ಅಲ್ಲ, ತಡೆಯೋಕೆ ಆಗಲಿಲ್ಲ. ಆಗ ಹಕ್ಕಿನ ಮನೆಯವರು ಸಂಘ ಕಟ್ಟಿಕೊಂಡು, ಊರೊಟ್ಟಿನ ಕೊಪ್ಪರಿಗೆಯ ಅಸಲಿ ಟ್ಸೊಯ್ಗಲ್ ಅಂತ ತಮ್ಮದೇ ಮುದ್ರೆ ಮಾಡಿಸಿಕೊಂಡರು. ಮುದ್ರೆ ಇದ್ದರೆ ಊರಿನ ಕೊಪ್ಪರಿಗೆಯದು, ಇಲ್ಲದಿದ್ದರೆ ಬರೀ ಹೆಸರು. 2018ರಲ್ಲಿ ಈ ಪದ್ಧತಿಗೆ ಜರ್ಮನಿಯ ಸಾಂಸ್ಕೃತಿಕ ಪರಂಪರೆಯ ಪಟ್ಟಿಯಲ್ಲಿ ಜಾಗ ಸಿಕ್ಕಿತು.

1516ರ ಕಾನೂನು ಏನಾಯ್ತು ಅಂತ ಕೇಳಿದರೆ, 1906ರಲ್ಲಿ ಅದು ಇಡೀ ಜರ್ಮನ್ ಸಾಮ್ರಾಜ್ಯಕ್ಕೆ ಹಬ್ಬಿತು. 1987ರಲ್ಲಿ ಯುರೋಪಿನ ನ್ಯಾಯಾಲಯ, ಬೇರೆ ದೇಶದವರು ಬೇರೆ ಕಾಳು ಹಾಕಿ ಮಾಡಿದ್ದನ್ನೂ ಬಿಯರ್ ಅಂತ ಮಾರೋಕೆ ಬಿಡಬೇಕು ಅಂತ ಜರ್ಮನಿಗೆ ಹೇಳಿತು. ಅಲ್ಲಿನವರು ತಮ್ಮ ನಿಯಮ ತಮಗೆ ಇಟ್ಟುಕೊಂಡೇ ಇದ್ದಾರೆ. ಸಣ್ಣ ಕಾರ್ಖಾನೆಗೆ ತೆರಿಗೆ ದರವೂ ಕಡಿಮೆ ಇದೆ, ಎಷ್ಟು ಕಡಿಮೆ ಕಾಯಿಸಿದರೆ ಅಷ್ಟು ಕಡಿಮೆ ದರ. ಇದು ನನಗೆ ಬಹಳ ಇಷ್ಟವಾದ ಅಂಶ.

ಇಷ್ಟು ದೂರದ ಕಥೆ ನಮಗ್ಯಾಕೆ ಅಂತ ಕೇಳೋರು ಇದ್ದೇ ಇರ್ತಾರೆ. ಕುಡಿತದಿಂದ ಜಮೀನು ಕಳ್ಕೊಂಡ ಮನೆಗಳು ನಮ್ಮ ಹೋಬಳಿಯಲ್ಲೇ ಇವೆ, ಬಿಯರಿನ ಪರ ವಕಾಲತ್ತು ನನಗೆ ಬೇಡ. ನನಗೆ ನೆನಪಾಗೋದು ನೀರಾ. ತೆಂಗಿಗೆ ನುಸಿ ಬಿದ್ದು ಕಾಯಿ ಕೈಕೊಟ್ಟಾಗ, ಗಿಡದಿಂದ ನೀರಾ ಇಳಿಸೋಕೆ ಬಿಡಿ ಅಂತ ಕೇಳಿದ ರೈತರ ಮೇಲೆ 2001ರಲ್ಲಿ ಚನ್ನಪಟ್ಟಣದ ವಿಠಲೇನಹಳ್ಳಿಯಲ್ಲಿ ಗೋಲಿಬಾರ್ ಆಯಿತು, ರೈತರು ಸತ್ತರು. ಹುಳಿ ಬರದ ಸಿಹಿ ನೀರೂ ಅಬಕಾರಿ ಕಾಯ್ದೆಯ ಕೆಳಗೇ ಇತ್ತು. ಗಿಡ ನಮ್ಮದು, ಹೊಂಬಾಳೆ ನಮ್ಮದು, ಅದರೊಳಗಿನ ರಸ ಇಲಾಖೆಯದು. ಆಮೇಲೆ ನಿಯಮ ಸಡಿಲ ಆಗಿ, ಲೈಸೆನ್ಸು ತೆಂಗು ಬೆಳೆಗಾರರ ಕಂಪನಿಗಳಿಗೆ ಸಿಗೋ ಹಾಗಾಯಿತು. ಹಕ್ಕು ಗಿಡಕ್ಕೂ ಬರಲಿಲ್ಲ, ಪಹಣಿಗೂ ಬರಲಿಲ್ಲ, ಕಂಪನಿಯ ಹೆಸರಿಗೆ ಬಂತು.

ತೆಂಗಿನ ಬೆಲ್ಲದ ಘಟಕಕ್ಕೆ ಷೇರು ಹಾಕೋ ಮಾತು ನಮ್ಮಲ್ಲಿ ನಡೀತಾ ಇದೆಯಲ್ಲ, ಅದಕ್ಕೇ ಇದನ್ನ ಬರೆದೆ. ಮುಂದಿನ ಭಾನುವಾರದ ಸಭೆಗೆ ಬರೋರು ಎರಡು ವಿಷಯ ಯೋಚನೆ ಮಾಡ್ಕೊಂಡು ಬನ್ನಿ. ಷೇರು ಇರೋದು ಮನುಷ್ಯನ ಹೆಸರಲ್ಲೋ, ತೋಟದ ಸರ್ವೆ ನಂಬರಿನ ಮೇಲೋ? ತೋಟ ಮಾರಿದವನು ಬೆಂಗಳೂರಲ್ಲಿ ಕೂತು ಲಾಭ ತಗೋತಾನೋ, ಕೊಂಡು ಗಿಡ ಹತ್ತಿಸೋನಿಗೆ ಸಿಗುತ್ತೋ? ಇನ್ನೊಂದು, ಕೊಪ್ಪರಿಗೆ. ಘಟಕವೇ ನಮ್ಮ ನೀರಾ ಕೊಂಡುಕೊಂಡು ಬೆಲ್ಲ ಮಾಡಿದರೆ ದರ ಅವರು ಹೇಳಿದ್ದು. ಬಾಡಿಗೆ ಕಟ್ಟಿ ಸರದಿ ಮೇಲೆ ನಾವೇ ಕಾಯಿಸ್ಕೊಂಡು ಬಂದರೆ ಬೆಲ್ಲ ನಮ್ಮದು. ಬೈಲಾದಲ್ಲಿ ಈಗಿರೋ ಕರಡು ಮೊದಲನೇ ಥರ ಇದೆ. ಐದನೇ ಪುಟ ಓದ್ಕೊಂಡು ಬನ್ನಿ.